ತುಂಗಕ್ಕನ ಅಗಲ ಕೌದಿ

ನಮ್ಮ ರೇವತಿಯ ಕಾದಂಬರಿ ಅಚ್ಚಾಗುತ್ತದೆ! ಪ್ರಕಾಶಕರು ಇವತ್ತು ಬೆಳಿಗ್ಗೆ ಫೋನ್ ಮಾಡಿ ಒಪ್ಪಿದರು. ಫೋನ್ ಇಟ್ಟವಳೇ ನನ್ನ ಮೊಮ್ಮಗಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ಎಂಬತ್ತು ದಾಟಿದ ಈ ಎಲುಬಿನ ಗೂಡನ್ನು! ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ, ಹಾಲಿನವನಿಗೆ ಮರೆತು ಎರಡು ಸಲ ಕೊಟ್ಟೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಆದರೂ ಹೇಳುತ್ತೇನೆ, ಆ ಕಥೆ ಕೊಟ್ಟವಳು ನಾನೇ.

ಎರಡು ವರ್ಷ ಅವಳಿಗೆ ಕಥೆ ಸಿಕ್ಕಿರಲಿಲ್ಲ. ಹಿಂದಿನ ಕಾಲದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಿ ಜೊತೆಗೆ ಬಾಳಿದ ಇಬ್ಬರು ಹೆಂಗಸರ ಕಾದಂಬರಿ ಬರೆಯಬೇಕೆಂದು ಕೂತು, ಒಬ್ಬ ರಾಣಿಯನ್ನೂ ಅವಳ ದಾಸಿಯನ್ನೂ ಕುದುರೆ ಹತ್ತಿಸಿ ಇಳಿಸಿ ದಣಿದಿದ್ದಳು.

"ರಾಣಿ ಯಾಕ ಬೇಕವಾ? ನಮ್ಮ ವಾಡೇದಾಗನ ಇದ್ರಲ್ಲ" ಎಂದೆ. ಎಪ್ಪತ್ತು ವರ್ಷ ಯಾರ ಮುಂದೆಯೂ ಆಡದ ಹೆಸರು ಅವತ್ತು ಬಾಯಿಗೆ ಬಂತು.

ತುಂಗಕ್ಕ ಕಣ್ಣು ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಕೈಗೇ ಕಣ್ಣಿದ್ದಂತೆ ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು. ಬಾಗಲಕೋಟೆ ಕಡೆಯವಳು, ವಿಧವೆ. ತಲೆ ಬೋಳಿಸಲು ಕ್ಷೌರಿಕನನ್ನು ಕರೆಸಿದ ದಿನವೇ ಗಂಡನ ಮನೆ ಬಿಟ್ಟು ಪುಣೆಯ ರೈಲು ಹತ್ತಿದವಳು. ಸೊಂಟ ಮುಟ್ಟುವ ಆ ಕೂದಲನ್ನು ಕೆಂಪು ವಸ್ತ್ರದಲ್ಲಿ ಬಿಗಿದು ಕಟ್ಟುತ್ತಿದ್ದಳು. ಪುಣೆಯಲ್ಲಿ ಹತ್ತಾರು ಬಾಡಿಗೆ ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ, ನಮ್ಮ ಗೋಡೆಯ ಆಚೆಗೇ, ಕನ್ನಡದ ಗುಮಾಸ್ತರಿಗಾಗಿ ಖಾನಾವಳಿ ನಡೆಸುತ್ತಿದ್ದಳು. ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲಿನ ಮಾತು. ನನಗಾಗ ಒಂಬತ್ತು.

ಅವಳ ಜೊತೆಗೆ ಇದ್ದವಳು ಚಂಪಾ, ಗಂಡ ಬಿಟ್ಟ ಮರಾಠಿ ಹೆಂಗಸು. ಹಗಲೆಲ್ಲ ರವಿಕೆ ಹೊಲಿಯುತ್ತಿದ್ದಳು. ಬೆಳಿಗ್ಗೆ ಮಾತ್ರ ತುಂಗಕ್ಕ ಬಡಿದದ್ದನ್ನು ಇವಳೇ ಬೇಯಿಸಬೇಕು. ಗೋಡೆಯ ಈಚೆ ನನಗೆ ಎಚ್ಚರವಾಗುತ್ತಿದ್ದದ್ದೇ ಆ ಸದ್ದಿಗೆ: ತುಂಗಕ್ಕನ ಅಂಗೈ ಬಡಿತ, ಅದರ ಹಿಂದೆಯೇ ಚಂಪಾಳ ಬಳೆ.

"ಅಗಂ ತುಂಗಾ, ನಿನ್ನ ರೊಟ್ಟಿ ಪುಣೆ ಊರಷ್ಟು. ನನ್ನ ತವಾ ಇಷ್ಟೇ" ಎಂದು ಚಂಪಾ ಮುರುಕು ಕನ್ನಡದಲ್ಲಿ ಗೊಣಗುತ್ತಿದ್ದಳು.

"ತವಾ ದೊಡ್ಡದ ತಗೋ. ರೊಟ್ಟಿ ಸಣ್ಣದಾಗೂದಿಲ್ಲ."

ನನಗೆ ದಿನಾ ಒಂದು ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಕೊಡುವಾಗ ತುಂಗಕ್ಕ ಹೇಳುವ ಮಾತು ಒಂದೇ: "ಉಂಡ ಬಾಯಿ ಚಾಡಿ ಹೇಳೂದಿಲ್ಲ, ಕೂಸ." ಅದನ್ನು ಅವಳು ನಂಬಿದ್ದಳು. ವಾಡೆಯ ಅರ್ಧ ಬಾಯಿಗಳಿಗೆ ಅನ್ನ ಹಾಕಿದವಳು, ತನಗಿನ್ನು ಭಯವಿಲ್ಲ ಎಂದುಕೊಂಡಿದ್ದಳು.

ಚಂಪಾಳ ಹೊಲಿಗೆಯಲ್ಲಿ ಉಳಿದ ಚೂರು ಬಟ್ಟೆಗಳಿಂದ ತುಂಗಕ್ಕ ಒಂದು ಕೌದಿ ಹೊಲಿದಳು. ನಮ್ಮ ಕಡೆ ಒಂಟಿ ಜೀವಕ್ಕೆ ಕಿರಿದಾದ ಕೌದಿ, ಹೊಸ ಗಂಡ ಹೆಂಡತಿಗೆ ಅಗಲದ್ದು. ಮುಗಿಸುವಾಗ ಕೊನೆಯ ಮೂಲೆಯಲ್ಲಿ ಹೋಳಿಗೆಯ ಚೂರಿಟ್ಟು ಹೊಲಿಗೆ ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದಂತೆ. ತುಂಗಕ್ಕ ಹೊಲಿದದ್ದು ಅಗಲದ್ದು. ಹೋಳಿಗೆಯ ಚೂರನ್ನು ಚಂಪಾ ಇಟ್ಟಳು. ಇಬ್ಬರೂ ನಕ್ಕರು. ನಾನೂ ನಕ್ಕೆ, ಯಾಕೆಂದು ತಿಳಿಯದೆ.

ಆ ಚಳಿಗಾಲ ಒಬ್ಬ ಹೊಸ ಗಿರಾಕಿ ಬಂದ. ರುಮಾಲು, ಕೈಯಲ್ಲಿ ಛತ್ರಿ, ಮಳೆಯಿಲ್ಲ, ಬಿಸಿಲಿಲ್ಲ. ಅವನನ್ನು ಕಂಡದ್ದೇ ತುಂಗಕ್ಕನ ಕೈಯ ರೊಟ್ಟಿ ಹರಿಯಿತು. ಅವಳ ಗಂಡನ ಅಣ್ಣ. ಅವನು ಒಂದು ಮಾತೂ ಬೈಯಲಿಲ್ಲ. ಮೂರು ದಿನ ಬಂದು ಉಂಡ, ಪಲ್ಯ ಹೊಗಳಿದ, ಮತ್ತೆ ಹೊರಗಿನ ಕಟ್ಟೆಯ ಮೇಲೆ ಕೂತ. ಅವನು ಬೈದಿದ್ದರೆ ವಾಡೆಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮೂರನೆಯ ದಿನ ನನ್ನ ಕೈಗೆ ಬತ್ತಾಸು ಇಟ್ಟ. "ತಂಗಿ, ನಿಮ್ಮ ತುಂಗಕ್ಕ ಬಿಸಿಲಿಗೆ ಎಷ್ಟ ಹಾಸಿಗಿ ಹಾಕ್ತಾಳವಾ?"

"ಒಂದ! ಆದ್ರ ಭಾಳ ಅಗಲ ಕೌದಿರೀ. ಚಂಪಾಮೌಶಿನ ಅದಕ್ಕ ಹೋಳಿಗಿ ಉಣಿಸ್ಯಾಳ" ಎಂದೆ, ಹೆಮ್ಮೆಯಿಂದ.

ಅವನು ನನ್ನ ತಲೆ ಸವರಿದ. ಎದ್ದು ಹೋಗಿ ತನ್ನ ಛತ್ರಿಯನ್ನು ತುಂಗಕ್ಕನ ಬಾಗಿಲ ಚಿಲಕಕ್ಕೆ ತೂಗುಹಾಕಿ, ಒಳಗಿದ್ದ ಅವಳಿಗೆ ಹೇಳಿದ: "ಇಲ್ಲೇ ಇರಲಿ. ಗುರುವಾರ ಹಿರೇರನ್ನ ಕರಕೊಂಡು ಬರತೀನಿ. ನೀ ಊರಿಗೆ ಹೊಂಟಿ. ಕ್ಷೌರಿಕಗೂ ಹೇಳೇನಿ."

ಆ ಛತ್ರಿ ಬಾವಲಿಯಂತೆ ನಾಲ್ಕು ದಿನ ತೂಗಿತು. ಯಾರೂ ಮುಟ್ಟಲಿಲ್ಲ. ಊಟದವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ನಲ್ಲಿಯ ಹತ್ತಿರ ಹೆಂಗಸರು ತಮ್ಮ ಕೊಡಗಳನ್ನು ಚಂಪಾಳ ಕೊಡದಿಂದ ದೂರ ಸರಿಸಿದರು. ಬುಧವಾರ ನಾನು ಅಳುತ್ತ ಹೋಗಿ, ಹೇಳಿದವಳು ನಾನೇ ಎಂದೆ. ಒಳಗೆ ಚಂಪಾ ಕೌದಿ ಹರಡಿ ಕತ್ತರಿ ಹಿಡಿದು ನಿಂತಿದ್ದಳು. "ಎರಡು ತುಂಡು ಮಾಡೋಣ ತುಂಗಾ. ಎರಡು ಹಾಸಿಗೆ ತೋರಿಸೋಣ."

"ಹೊಟ್ಟಿ ತುಂಬಿದ್ದನ್ನ ಕೊಯ್ಯಬಾರದು" ಎಂದಳು ತುಂಗಕ್ಕ. ನನ್ನ ಕಡೆ ತಿರುಗಿ, "ಸುಳ್ಳೇನ ಹೇಳಿಲ್ಲಲ್ಲ, ಬಿಡು" ಎಂದು ಬೆಣ್ಣೆ ಹಚ್ಚಿದ ರೊಟ್ಟಿ ಕೊಟ್ಟಳು. ಅದನ್ನು ಹಾಗೇ ಹಿಡಿದುಕೊಂಡು ಮನೆಗೆ ಬಂದೆ.

ಗುರುವಾರ ಬೆಳಿಗ್ಗೆ ಬಡಿತ ಕೇಳಿತು, ಬಳೆಯೂ ಕೇಳಿತು, ಎಂದಿಗಿಂತ ಬಹಳ ಹೊತ್ತು. ಆಮೇಲೆ ನಿಂತಿತು. ಹೋಗಿ ನೋಡಿದರೆ ಬಾಗಿಲು ತೆರೆದಿತ್ತು, ಒಲೆ ಬಿಸಿಯಿತ್ತು. ಬರುವವರೆಲ್ಲರಿಗೂ ಸಾಲುವಷ್ಟು ರೊಟ್ಟಿ ಒದ್ದೆ ಬಟ್ಟೆಯ ಕೆಳಗೆ. ಛತ್ರಿ ಚಿಲಕದಲ್ಲೇ ಇತ್ತು. ಕೌದಿ ಮಡಿಸಿ ನಮ್ಮ ಹೊಸ್ತಿಲ ಮೇಲೆ ಇಟ್ಟಿತ್ತು. ಒಂದು ಶಾಪ ಬಿಟ್ಟುಹೋಗಿದ್ದರೆ ನನಗೆ ಹಗುರಾಗುತ್ತಿತ್ತು.

ಹಿರಿಯರು ಬಂದರು, ಕೂಗಾಡಿದರು, ಹಸಿವಾಗಿ ಆ ರೊಟ್ಟಿಯನ್ನೇ ಉಂಡರು, ಮತ್ತೆ ಹುಡುಕಲು ಹೋದರು. ಬಾರಾಮತಿ ಸಂತೆಯಲ್ಲಿ ಇಬ್ಬರು ರೊಟ್ಟಿ ಮಾರುತ್ತಿದ್ದರು ಎಂದು ಒಬ್ಬರು ಹೇಳಿದರು. ಶಿರೂರಿನ ಹೊಳೆಯಲ್ಲಿ ಎರಡು ಹೆಣ ಸಿಕ್ಕವು ಎಂದು ಇನ್ನೊಬ್ಬರು. ಯಾವುದು ಖರೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ರೇವತಿ ತನ್ನ ಕಾದಂಬರಿಯಲ್ಲಿ ಅವರನ್ನು ಬಾರಾಮತಿಗೆ ಮುಟ್ಟಿಸಿದ್ದಾಳೆ. ಕೊನೆಯ ಪುಟ ಓದಿ ಹೇಳಿದಾಗ, "ಖರೆ ಏನಂತ ಗೊತ್ತಿಲ್ಲಲ್ಲವಾ" ಎಂದೆ.

"ಗೊತ್ತಿಲ್ಲ ಅಂತನ ಬಾರಾಮತಿ, ಅಜ್ಜಿ."

ಇವತ್ತು ಸಂಜೆ ಎಲ್ಲರೂ ಸೇರಿದೆವು: ಮಗ, ಸೊಸೆ, ರೇವತಿ, ಅವಳ ಗೆಳತಿ, ಮರಾಠಿ ಹುಡುಗಿ ಸಾಯಲಿ. ಮೂರು ವರ್ಷದಿಂದ ರೇವತಿ ಸಾಯಲಿಯ ಹೆಸರು ಹೇಳುವಾಗಲೆಲ್ಲ ದನಿ ತಗ್ಗಿಸುತ್ತಾಳೆ, ನಾನು ನೋಡಿದ್ದೇನೆ. ಹಾಸಿಗೆಯ ಮೇಲೆ ಉಣ್ಣಬಾರದು ಎಂಬುದನ್ನು ಇವತ್ತೊಂದಿನ ಬದಿಗಿಟ್ಟು, ನಾನು ಟ್ರಂಕಿನಿಂದ ಆ ಕೌದಿಯನ್ನು ತೆಗೆದು ನೆಲದ ಮೇಲೆ ಹಾಸಿದೆ. ಸೊಸೆ ರೊಟ್ಟಿ ತಂದವಳು ಅಲ್ಲೇ ನಿಂತಳು. ಮಗನತ್ತ ನೋಡಿ, ಮತ್ತೆ ನನ್ನತ್ತ ನೋಡಿ, ಮೆಲ್ಲಗೆ ಕೇಳಿದಳು: "ಅತ್ತಿ, ಸಾಯಲಿಗೆ ಹಾಸಿಗಿ ಎಲ್ಲಿ ಹಾಸ್ಲಿ? ಬ್ಯಾರೆ ಹಾಸ್ಲ್ಯಾ?"

ರೇವತಿಯ ಕೈ ತಟ್ಟೆಯ ಮೇಲೆ ನಿಂತಿತು. ಅದೇ ಪ್ರಶ್ನೆ ಎಪ್ಪತ್ತು ವರ್ಷ ಆದ ಮೇಲೆ ಮತ್ತೆ ನನ್ನ ಮುಂದೆ ಬಂದಿತ್ತು.

"ಬ್ಯಾರೆ ಯಾಕ? ಈ ಕೌದಿ ಭಾಳ ಅಗಲ ಅದ" ಎಂದೆ. "ಕೂಡವಾ. ಮೊದಲ ಎಲ್ಲಾರೂ ಉಣ್ರಿ."

ಮಗ ಸ್ವಲ್ಪ ಸರಿದು ಸೊಸೆಗೆ ಜಾಗ ಮಾಡಿದ. ರೊಟ್ಟಿ ಬಿಸಿಯಿದ್ದವು, ಬೆಣ್ಣೆ ಕರಗುತ್ತಿತ್ತು. ಉಂಡೆವು.