ಸಂಗಮನಾಥರು ನುಣುಪು ಮಾಡಿದ ತುಂಡು

ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಊರಿನ ವಾಳೂಜದಲ್ಲಿ ನಮ್ಮ ಪಕ್ಕದ ಮನೆಯವರು ಸಂಗಮನಾಥರು. ಭಾಲ್ಕಿ ಕಡೆಯವರು, ಕಾದ ಉಕ್ಕನ್ನು ಬಡಿದು ಬಿಡಿಭಾಗ ಮಾಡುವ ಫೋರ್ಜಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸವೆಸಿದವರು. ಬಡಿದರೆ ಯಾವ ಉಕ್ಕು ತಾಳುತ್ತದೆ, ಯಾವುದು ಸೀಳುತ್ತದೆ ಎಂದು ಮೊದಲೇ ಹೇಳುವುದು ಅವರ ಕೆಲಸ. ಹೊಸ ಸರಳು ಬಂದಾಗ ಒಂದು ತುಂಡು ಕತ್ತರಿಸಿ, ಕೆಂಪಗೆ ಕಾಯಿಸಿ, ಎತ್ತರ ಮೂರನೇ ಒಂದು ಪಾಲಿಗೆ ಇಳಿಯುವವರೆಗೆ ಪ್ರೆಸ್ಸಿನಲ್ಲಿ ಅದುಮುವರು. ತುಂಡಿನ ಉಬ್ಬಿದ ಹೊಟ್ಟೆಯ ಮೇಲೆ ಬಿರುಕಿಲ್ಲದಿದ್ದರೆ ಮಾಲು ಪಾಸು. ಅಚ್ಚುಕಟ್ಟಿನ ಹುಚ್ಚು ಈ ಮನುಷ್ಯನಿಗೆ. ಮನೆ ಮುಂದಿನ ಚಪ್ಪಲಿಗಳನ್ನೂ ಸಾಲಾಗಿ ಇಡುವವರು. ಹಾಗಾಗಿ ಕಾಯಿಸುವ ಮೊದಲು ತುಂಡನ್ನು ಲೇತ್‌ನಲ್ಲಿ ಹೆರೆದು ಥಳಥಳ ಮಾಡುವರು. ಸಾಹೇಬರು ಮೆಚ್ಚಿ ಬೆನ್ನು ತಟ್ಟಿದ್ದರು.

2011ರಲ್ಲಿ ಶರ್ವಾಣಿ ಎಂಬ ಇಂಜಿನಿಯರ್ ಬಂದಳು. ಧಾರವಾಡದವರ ಮಗಳು, ಬೆಳೆದದ್ದು ನಾಸಿಕ್‌ನಲ್ಲಿ; ಅವಳ ಕನ್ನಡದಲ್ಲಿ ‘ಆದರೆ’ಯ ಬದಲು ಮರಾಠಿಯ ‘ಪಣ್’ ನುಸುಳುತ್ತಿತ್ತು. ಲೋಹ ಎಲ್ಲಿ ಸೀಳೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಎಷ್ಟರವರೆಗೆ ತಾಳೀತೆಂಬ ಮಿತಿಯನ್ನು ಸಂಗಮನಾಥರ ತುಂಡುಗಳಿಂದಲೇ ಪಡೆದಿದ್ದಳು. ಒಂದು ದಿನ ಸಹಜವಾಗಿ ಕೇಳಿದಳು: “ಕಾಕಾ, ಭಟ್ಟೀಗೆ ಹೋಗೋ ಸರಳು ಹಂಗೇ ಹೋಗ್ತದಲ್ಲಾ? ಪಣ್ ಟೆಸ್ಟಿನ ತುಂಡಿಂದು ಸಿಪ್ಪೆ ಯಾಕೆ ತೆಗೀತೀರಿ?”

ಸಂಗಮನಾಥರು ಲೇತ್ ನಿಲ್ಲಿಸಿದರು. ಸರಳಿನ ಮೈಮೇಲೆ ಇರಬಹುದಾದ, ಅದುಮಿದಾಗ ಬಾಯಿಬಿಟ್ಟು ಬಿರುಕಾಗುವ ಸಣ್ಣ ಗೆರೆಗಳನ್ನೆಲ್ಲ ತಾವೇ ಹೆರೆದು ತೆಗೆದು, ಆಮೇಲೆ ಬಿರುಕಿಲ್ಲ ಎಂದು ಸಹಿ ಹಾಕುತ್ತ ಬಂದಿದ್ದರು. ಹಿಂದಿನ ವಾರದ ಸರಳಿನ ತುಂಡೊಂದನ್ನು ಹೆರೆಯದೆ ಅದುಮಿದರು. ಹೊಟ್ಟೆಯ ಮೇಲೆ ಉದ್ದಕ್ಕೆ ಸೀಳು ಬಿಟ್ಟಿತು. ಅದೇ ಸರಳಿನಿಂದ ಮಾಡಿದ, ರಿಕ್ಷಾದ ಮುಂದಿನ ಗಾಲಿ ಹಿಡಿಯುವ ತೋಳುಗಳು ಆಗಲೇ ನಾಸಿಕ್‌ನ ರಿಕ್ಷಾ ಕಾರ್ಖಾನೆ ಸೇರಿದ್ದವು.

“ಮಾಲು ತಡೀರಿ ಅಂತ ಫೋನ್ ಮಾಡವ್ವಾ. ತಪ್ಪು ನಂದದ,” ಅಂದರಂತೆ.

“ನೌಕರಿ ಹೋದ್ರೆ ಕಾಕಾ?”

“ಹೋಗ್ಲಿ. ರಿಕ್ಷಾದಾಗ ಮಂದಿ ಕೂಡ್ತಾರ.”

ಮೂರು ದಿನ ಕಾರ್ಖಾನೆಯವರು ಏನನ್ನೂ ತೀರ್ಮಾನಿಸಲಿಲ್ಲ. ಸಂಗಮನಾಥರ ಹೆಂಡತಿ ಪ್ರೇಮಾಬಾಯಿ ನಮ್ಮ ಬಾಗಿಲಿಗೆ ಬಂದು, “ನಿಮಗೇನರೆ ಸುದ್ದಿ ತಿಳೀತೇನ್ರಿ?” ಎಂದು ಕೇಳುವರು. ಬ್ಯಾಂಕಿನ ಗುಮಾಸ್ತ ನಾನು, ನನಗೇನು ತಿಳಿಯಬೇಕು! ಆದರೂ ಆ ಹೆಂಗಸಿನ ಮುಖ ನೋಡಿ ನನಗೂ ಭಯ ಹತ್ತಿತ್ತು.

ನಾಲ್ಕನೆಯ ದಿನ ಸುದ್ದಿ ಬಂತು. ನೌಕರಿ ಉಳಿದಿತ್ತು, ಮಾಲನ್ನೂ ತಡೆದಿದ್ದರು. ಆದರೆ ಮೂವತ್ತಾರು ರಿಕ್ಷಾಗಳು ಆ ತೋಳುಗಳ ಸಮೇತ ಹೊರಬಿದ್ದಾಗಿತ್ತು. ತಿಂಗಳಿಡೀ ಹುಡುಕಿ ಮೂವತ್ತೈದನ್ನು ಹಿಡಿದರು. ಒಂದು ಸಿಗಲಿಲ್ಲ.

“ಒಂದು ತಾನೆ, ಬಿಡ್ರಿ,” ಎಂದೆ ನಾನು. ನನ್ನ ನಾಲಗೆಗಿಷ್ಟು ಬೆಂಕಿ ಹಾಕ. ಪೇಪರಿನ ಗೋಜಿಗೇ ಹೋಗದಿದ್ದ ಸಂಗಮನಾಥರು ಅಂದಿನಿಂದ ಇಂದಿಗೂ ದಿನಾ ಬೆಳಿಗ್ಗೆ ಮರಾಠಿ ಪತ್ರಿಕೆ ತರಿಸಿ, ಅಪಘಾತದ ಸುದ್ದಿಗಳನ್ನಷ್ಟೇ ಬೆರಳಿಟ್ಟು ಓದುತ್ತಾರೆ. ರಿಕ್ಷಾ ಎಂಬ ಮಾತು ಕಂಡ ದಿನ ಚಹಾ ಮುಟ್ಟುವುದಿಲ್ಲ.