ಹಿಂಬಾಗಿಲ ಹಿಡಿ

ಬಿಸಿಲಿಗೆ ಕಾದ ರೆಕ್ಸಿನ್, ಹಳೆಯ ಅಂಟು. ಕೋಪರಖೈರಣೆಯಲ್ಲಿ ಕಾರಿನ ಸೀಟ್ ಕವರ್ ಅಂಗಡಿಯೊಂದನ್ನು ದಾಟುವಾಗ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಡೊಂಬಿವಲಿಯ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ನಿಂತಿರುತ್ತಿದ್ದ ಅಜ್ಜನ ಪದ್ಮಿನಿ ಕಾರು ನೆನಪಾಗುತ್ತದೆ. ಉಡುಪಿಯ ಕಡೆಯಿಂದ ಬಂದು ಕಲ್ಯಾಣದಲ್ಲಿ ಮೂವತ್ತು ವರ್ಷ ಕಾರುಗಳಿಗೆ ಸೀಟ್ ಹೊಲಿದವರು ನಮ್ಮ ಅಜ್ಜ. ಆ ಕಾರಿನ ಬಾಗಿಲುಗಳ ಒಳಮೈಗೆ ಹಸಿರು ರೆಕ್ಸಿನ್ ಹೊದಿಸಿದ್ದೂ ಅವರೇ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಮರೆವು ಶುರುವಾಯಿತು. ಒಂದು ಭಾನುವಾರ ಮುಂಬ್ರಾ ದಾಟುವಾಗ, ಓಡುತ್ತಿದ್ದ ಕಾರಿನ ಹಿಂಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟರು. ತಮ್ಮ ಅಂಗಡಿ ಬಂತು, ಇಳಿಯಬೇಕಂತೆ. ಅಕ್ಕ ಅಂಗಿ ಹಿಡಿದು ಎಳೆಯದಿದ್ದರೆ ಅಂದೇ ಮುಗಿಯುತ್ತಿತ್ತು.

ಹಿಂಬಾಗಿಲುಗಳ ಒಳಹಿಡಿಗಳನ್ನು ತೆಗೆದುಬಿಡುವುದೆಂದು ಅಪ್ಪ ನಿರ್ಧರಿಸಿದರು. ಹಿಡಿಯನ್ನು ಹಿಡಿದಿಡುವುದು ಒಂದು ಸಣ್ಣ ಪಿನ್. ಬುಡದ ಬಿಲ್ಲೆಯನ್ನು ಒಬ್ಬರು ಒಳಕ್ಕೆ ಒತ್ತಿ ಹಿಡಿದರೆ ಇನ್ನೊಬ್ಬರು ಮೊಳೆಯಿಂದ ಪಿನ್ನನ್ನು ದೂಡಬೇಕು. ಗ್ಲಾಸ್ ಇಳಿಸುವ ಹಿಡಿಯೂ ಹಾಗೆಯೇ. ಅಪ್ಪ ಇಕ್ಕಳ ತರಲು ಹೋಗಿದ್ದಾಗ ಅಜ್ಜ ಕೆಳಗಿಳಿದು ಬಂದರು.

"ಎಂತ ರಿಪೇರಿ ಮಗಾ?"

"ಗ್ಲಾಸ್ ಜಾಮ್ ಆಗಿದೆ ಅಜ್ಜ," ಎಂದೆ.

ಅವರ ಮುಖ ಅರಳಿತು. ಬಿಲ್ಲೆಯ ಮೇಲೆ ಎರಡೂ ಹೆಬ್ಬೆರಳಿಟ್ಟು ಒತ್ತಿದರು. "ಹಾಂ, ಈಗ ದೂಡು. ಅಲ್ಲಿ ಅಲ್ಲ ಮಾರಾಯ, ಕಣ್ಣು ಎಲ್ಲುಂಟು ನಿಂದು?" ಪಿನ್ ಜಾರಿ ಬಿತ್ತು. ಬಾಗಿಲಿನ ಪ್ಯಾನೆಲ್ಲನ್ನು ನಾನು ಮೂಲೆ ಹಿಡಿದು ಎಳೆದಾಗ ಕೈಗೊಂದು ಏಟು ಕೊಟ್ಟರು. "ಎಳೀಬೇಡ, ರಟ್ಟು ಹರೀತದೆ. ಕ್ಲಿಪ್ಪಿನ ಬುಡಕ್ಕೇ ಹಾಕು." ಸ್ಕ್ರೂಡ್ರೈವರ್ ಹಿಡಿದ ನನ್ನ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟು ಒಂದೊಂದೇ ಕ್ಲಿಪ್ಪನ್ನು ಎಬ್ಬಿಸಿದರು. ನನ್ನ ಹೆಸರು ಮರೆತಿದ್ದವರು ಒಂದು ಕ್ಲಿಪ್ಪನ್ನೂ ಮುರಿಯಲಿಲ್ಲ. ಅಪ್ಪ ಬಂದು, ಯಾರ ಮುಖವನ್ನೂ ನೋಡದೆ, ಹಿಡಿಯಿಂದ ಬೀಗಕ್ಕೆ ಹೋಗುವ ಒಳಗಿನ ಸರಳನ್ನು ಕಳಚಿದರು.

ಮುಂದಿನ ಭಾನುವಾರ ಅಜ್ಜ ಹಿಂದಿನ ಸೀಟಿನಲ್ಲಿ ಕೂತು ರೆಕ್ಸಿನ್ನಿನ ಮೇಲೆ ಅಂಗೈ ಆಡಿಸುತ್ತ ಠಾಣೆ ಬರುವವರೆಗೂ ಹಿಡಿಯನ್ನು ಹುಡುಕಿದರು. "ಬಾಗಿಲು ತೆಗೆಯುದು ಹೇಗೆ ಮಗಾ?" ಎಂದು ನನ್ನನ್ನೇ ಕೇಳಿದರು. ನಾನು ಹೊರಗೆ ನೋಡುತ್ತ ಕೂತೆ. ಮರುವರ್ಷ ಅವರು ಹೋದರು. ಆಮೇಲೆ ಕಾರೂ ಹೋಯಿತು.

ಈಚೆಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಕ್ಕ ನಕ್ಕಳು. "ಕುಛ್ ಭೀ ಹೇಳ್ತೀಯ! ಅಜ್ಜ ಮೇಲೆ ಮಲಗಿದ್ರು. ಬಿಲ್ಲೆ ಒತ್ತಿ ಹಿಡಿದದ್ದು ನಾನು. ನೀನು ಪಿನ್ ಗಟಾರಕ್ಕೆ ಬೀಳಿಸಿ ಅಪ್ಪನ ಹತ್ರ ಬೈಸ್ಕೊಂಡದ್ದು ನೆನಪಿಲ್ವಾ?"

ಇರಬಹುದು. ನೆನಪು ತನಗೆ ಬೇಕಾದವರನ್ನು ಬೇಕಾದ ಕಡೆ ತಂದು ಕೂರಿಸುತ್ತದೆಂದು ಕಾಲೇಜಿನಲ್ಲಿ ಓದಿ, ಇತರರ ನೆನಪುಗಳನ್ನೆಲ್ಲ ಅನುಮಾನಿಸಿದವನು ನಾನು. ಅವಳು ಹೇಳಿದ್ದು ನಿಜವಾದರೆ ನಾನು ಅಜ್ಜನಿಗೆ ಸುಳ್ಳು ಹೇಳಿಲ್ಲ. ಅವರ ಬಾಗಿಲನ್ನು ಅವರ ಕೈಯಿಂದಲೇ ಮುಚ್ಚಿಸಿಲ್ಲ. ಆದರೆ ಹಾಗಾದರೆ ಆ ಮಧ್ಯಾಹ್ನ ನನ್ನ ಮುಷ್ಟಿಯ ಮೇಲೆ ಯಾವ ಕೈಯೂ ಇರಲಿಲ್ಲ. ತೀರಿಹೋದ ಅಜ್ಜನಿಂದ ನಿಮ್ಮ ಪಾಲಿಗೆ ಉಳಿದದ್ದು ಆ ಕೈಯೊಂದೇ ಆಗಿದ್ದರೆ ನೀವು ಏನು ಮಾಡುತ್ತಿದ್ದಿರೋ. "ಹೌದಾ ಅಕ್ಕ," ಎಂದಷ್ಟೇ ಹೇಳಿ ಫೋನಿಟ್ಟೆ. ಆ ಕೈ ಉಳಿಯಬೇಕಾದರೆ, ಅಜ್ಜನಿಗೆ ಸುಳ್ಳು ಹೇಳಿದ್ದು ನಾನೇ.