ತೋಳಿಲ್ಲದ ಸ್ವೆಟರ್

ಚಳಿಗಾಲದ ಬೆಳಗಿನಲ್ಲಿ ಉದ್ಯಮಬಾಗದ ಫೌಂಡ್ರಿಗೆ ಸೈಕಲ್ ತುಳಿದುಕೊಂಡು ಹೋಗುವಾಗ ಕಾಕಾನ ಎರಡೂ ಕೈ ಬರಿದಾಗಿರುತ್ತಿದ್ದವು. ಕಾದ ಕಬ್ಬಿಣ ಸಿಡಿದು ಆದ ಕರಿ ಕಲೆಗಳು, ಅವುಗಳ ನಡುವೆ ಥಂಡಿಗೆ ನೆಟ್ಟಗೆ ನಿಂತ ಕೂದಲು. ಮೈಮೇಲೆ ಹಸಿರು ಉಣ್ಣೆಯ ಸ್ವೆಟರೇನೋ ಇತ್ತು, ತೋಳು ಇರಲಿಲ್ಲ. ಹೆಗಲ ಹತ್ತಿರ ಕತ್ತರಿ ಆಡಿದ ಗುರುತು. ಯಾರಾದರೂ "ಏನ್ರೀ ಇದು ಅವತಾರ?" ಎಂದರೆ, "ಬೆಂಕಿ ಮುಂದ ಕೆಲಸ ನಂದು, ಸೆಕಿ ಆಗ್ತೈತ್ರೀ" ಎಂದು ನಗುತ್ತಿದ್ದರು. ಆ ತೋಳುಗಳು ಎಲ್ಲಿದ್ದವೆಂದು ಆರು ವರ್ಷ ನನಗೊಬ್ಬನಿಗೇ ಗೊತ್ತಿತ್ತು.

ಅವರು ನನ್ನ ಸ್ವಂತ ಕಾಕಾ ಅಲ್ಲ. ಮಚ್ಛೆ ಊರಲ್ಲಿ ನಮ್ಮ ಬಾಜು ಮನೆಯವರು. ಫೌಂಡ್ರಿಯಲ್ಲಿ ಉಸುಕಿನ ಅಚ್ಚು ಕಟ್ಟುವ ಕೆಲಸ, ತಲೆಯೊಳಗೆ ಮಾತ್ರ ಸೈಕಲ್ ರೇಸಿನ ಹುಚ್ಚು. ಎಪ್ಪತ್ತರ ದಶಕದ ಕೊನೆಗೆ ನಾನು ಇಪ್ಪತ್ತರ ಹುಡುಗ, ಅವರ ಹುಚ್ಚಿಗೆ ಸರಿಯಾಗಿ ಸಿಕ್ಕಿಬಿದ್ದೆ.

ಅವರ ವಿದ್ಯೆಯೆಲ್ಲ ಒಂದು ಉಸುಕಿನ ಚೀಲ. ಫೌಂಡ್ರಿಯ ಹಳೇ ಉಸುಕು ತುಂಬಿ, ಬಾಯಿಗೆ ತಂತಿ ಬಿಗಿದು, ನನ್ನ ಕ್ಯಾರಿಯರ್‌ಗೆ ಕಟ್ಟುವರು. ಅದನ್ನು ಹೊತ್ತು ಖಾನಾಪುರದ ಮಲಪ್ರಭಾ ಸೇತುವೆ ಮುಟ್ಟಿ ಬರಬೇಕು. ತಂತಿ ಯಾಕೆಂದರೆ, ನಡುದಾರಿಯಲ್ಲಿ ನಾನು ಉಸುಕು ಚೆಲ್ಲಬಾರದಲ್ಲ! "ನಿನ್ನ ಮ್ಯಾಲ ಭರೋಸಾ ಐತೋ, ನಿನ್ನ ವಯಸ್ಸಿನ ಮ್ಯಾಲ ಇಲ್ಲ" ಎನ್ನುವರು. ನಾನು ಹಲ್ಲು ಕಡಿದು ಬೈಯುತ್ತ ತುಳಿಯುತ್ತಿದ್ದೆ. ಎರಡು ವರ್ಷಕ್ಕೆ ರಾಜ್ಯದ ರೇಸ್ ಗೆದ್ದೆ. ಇಟಲಿಯ ಒಂದು ಸೈಕಲ್ ಸಂಘ ನಮ್ಮ ದೇಶದ ಐದು ಹುಡುಗರನ್ನು ಚಳಿಗಾಲದ ತರಬೇತಿಗೆ ಕರೆದಿತ್ತು, ಅದರಲ್ಲಿ ನಾನೂ ಒಬ್ಬ. ಚಲೋ ಮಾಡಿದವರಿಗೆ ಮುಂದಿನ ಚಳಿಗಾಲವೂ ಕರೆ, ಆಮೇಲೆ ದೊಡ್ಡ ರೇಸುಗಳು.

ಹೊರಡುವ ಹಿಂದಿನ ದಿನ ಕಾಕಾ ಕರೆದರು. ಹೆಂಡತಿ, ನಮ್ಮ ಕಾಕು, ಹೆಣೆದುಕೊಟ್ಟಿದ್ದ ತಮ್ಮ ಒಂದೇ ಸ್ವೆಟರ್ ತೆಗೆದು, ನನ್ನ ಕಣ್ಣೆದುರೇ ಎರಡೂ ತೋಳು ಕತ್ತರಿಸಿಬಿಟ್ಟರು. ಕಾಕು "ಅಯ್ಯ ನನ್ನ ಶಿವನ!" ಎಂದು ಕೂಗಿದರೂ ಕುಳಿತು ಅಂಚಿಗೆ ಕೆಂಪು ದಾರ ಹೊಲಿದುಕೊಟ್ಟರು. "ಮೊಣಕಾಲಿಗೆ ಏರಿಸ್ಕೋ. ಅಲ್ಲಿ ಥಂಡಿ ಭಾಳ. ಮೊಣಕಾಲ ಬೆಚ್ಚಗಿಡು, ಉಳಿದದ್ದ ನಾ ಕಲಿಸೇನಿ" ಎಂದರು ಕಾಕಾ.

ಇಟಲಿಯಲ್ಲಿ ಮೊದಲ ಬೆಳಗ್ಗೆ ಎಲ್ಲರ ಮೊಣಕಾಲಿಗೂ ಬಿಗಿಯಾದ ಕರಿ ಉಣ್ಣೆಯ ಚೀಲ. ನನ್ನ ಕೈಯಲ್ಲಿ ಕೆಂಪು ದಾರದ ಹಸಿರು ತೋಳು, ಒಂದರ ಮೊಣಕೈಗೆ ತೇಪೆ ಬೇರೆ. ನಾಚಿಕೆಯಾಯಿತು. ಪೆಟ್ಟಿಗೆಯ ತಳಕ್ಕೆ ತುರುಕಿ, "ನಮ್ಮೂರಾಗ ಇದಕ್ಕಿಂತ ಥಂಡಿ" ಎಂದು ಜಂಬ ಕೊಚ್ಚಿ ಬರಿ ಮೊಣಕಾಲಲ್ಲೇ ಹೊರಟೆ. ಸಮುದ್ರದ ಗಾಳಿ ಎಲುಬಿಗೇ ಇಳಿಯುತ್ತಿತ್ತು. ಐದನೇ ದಿನ ಬಲ ಮೊಣಕಾಲು ಬಾತು, ಮಡಚಲು ಬರದಂತಾಯಿತು. ವೈದ್ಯರು ಕೇಳಿದ್ದು ಒಂದೇ, ಮುಚ್ಚಿರಲಿಲ್ಲವೇ ಎಂದು. ನನ್ನ ಪರದೇಶವೂ ರೇಸೂ ಅಲ್ಲಿಗೆ ಮುಗಿದವು.

ಕುಂಟುತ್ತ ಬಂದವನನ್ನು ಕಾಕಾ ಮೊದಲು ಕೇಳಿದ್ದೂ ಅದನ್ನೇ. "ತೋಳ ಹಾಕ್ಕೊಂಡಿದ್ದಿ ಹೌದಲ್ಲೋ?"

"ದಿನಾ ಹಾಕ್ಕೊಂಡೆ ಕಾಕಾ. ಹರದು ಅಲ್ಲೇ ಹೋದುವು."

ಎಂಥ ಸಲೀಸಾಗಿ ಬಂತು ಆ ಮಾತು! ಅವರ ಮುಖ ಇಳಿದುಹೋಯಿತು. ಮೊಣಕಾಲು ಬೆಚ್ಚಗಿದ್ದೂ ಕೆಟ್ಟಿತೆಂದರೆ ತಪ್ಪು ಉಸುಕಿನದೇ, ಉಸುಕು ಹೊರಿಸಿದವನದೇ. ಎದ್ದು ಹೋಗಿ ಚೀಲದ ತಂತಿ ಬಿಚ್ಚಿ ಮನೆ ಮುಂದಿನ ಗಟಾರಿಗೆ ಸುರಿದರು. ನಾನು ನೋಡುತ್ತ ನಿಂತೆ. ಮತ್ತೆ ಅವರು ಯಾರಿಗೂ ಕಲಿಸಲಿಲ್ಲ. ಸೈಕಲ್ ಹುಡುಗರು ಬಾಗಿಲಿಗೆ ಬಂದರೆ, "ಒಬ್ಬನ ಮೊಣಕಾಲ ತಿಂದೇನಿ, ಸಾಕು. ಹೋಗ್ರಿ" ಎಂದು ಕಳಿಸುವರು. ಕಾಕು ಹೊಸ ತೋಳು ಹೆಣೆಯುತ್ತೇನೆ ಎಂದರೂ ಬೇಡವೆಂದರಂತೆ. ಊರೂ ಹೇಳಿತು, ಉಸುಕು ಹೊರಿಸಿ ಹುಡುಗನ ಕಾಲು ಮುರಿದ ಎಂದು. ನಾನು ಬಾಯಿ ಬಿಡಲಿಲ್ಲ. ನನ್ನ ಸೋಲಿಗೆ ಇನ್ನೊಬ್ಬರ ಹೆಸರು ಸಿಕ್ಕಿತ್ತಲ್ಲ, ಹಿತವಾಗಿತ್ತು. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಆರನೇ ಚಳಿಗಾಲ. ನನ್ನ ಹೆಂಡತಿ ಟ್ರಂಕು ಬಿಸಿಲಿಗಿಡುವಾಗ ತೋಳುಗಳನ್ನು ಹಿಡಿದು, "ಇವನ್ನ ಬಿಚ್ಚಿ ಕೂಸಿನ ತಲಿಗೆ ಕುಲಾಯಿ ಹೆಣೀಲೇನ್ರಿ?" ಎಂದಳು. ಕಸಿದುಕೊಂಡು ನೇರ ಬಾಜು ಮನೆಗೆ ಹೋದೆ.

ಎಲ್ಲ ಹೇಳಿದೆ. ಕಾಕಾ ಕೆಂಪು ದಾರದ ಮೇಲೆ ಬೆರಳಾಡಿಸಿದರು. ಒಂದು ಹೊಲಿಗೆಯೂ ಸಡಿಲಾಗಿರಲಿಲ್ಲ.

"ನಾಚಿಕಿ ಬಂತೇನೋ?"

"ಹೂಂ, ಕಾಕಾ."

"ಅವತ್ತ ಹೇಳಿದ್ರ ಒಂದಿನ ನಾ ನಿನ್ನ ಬೈತಿದ್ದೆ, ಮುಗೀತಿತ್ತು. ಆರು ವರ್ಷ ನನ್ನ ಕಡಿಂದ ನನ್ನನ್ನ ಬೈಸಿದೆಲ್ಲೋ."

ನಾನು ಕಾಲು ಮುಟ್ಟಲು ಬಾಗಿದರೆ ಹಿಂದೆ ಎಳೆದುಕೊಂಡರು.

ಮುಂದಿನ ರವಿವಾರ ಮಚ್ಛೆಯ ರಸ್ತೆಯಲ್ಲಿ ಕಾಕಾ ನಿಂತಿದ್ದರು. ಸ್ವೆಟರಿನ ಮೈ ಬಿಸಿಲಿಗೆ ಬಿಳಚಿತ್ತು, ತೋಳು ಮಾತ್ರ ಕಡು ಹಸಿರು. ಕಾಕು ಮತ್ತೆ ಕೂಡಿಸಿದ್ದರು. ಮುಂದೆ ನಾಲ್ಕು ಹುಡುಗರು, ಹೊಸ ಉಸುಕು. ನಾನು ದೂರ ನಿಂತು ನೋಡಿದೆ. ಅವರೂ ನನ್ನನ್ನು ನೋಡಿದರು, ಆದರೆ ಕರೆಯಲಿಲ್ಲ. ಎರಡು ಚಳಿಗಾಲ ಹಾಗೇ ನಡೆಯಿತು. ಆಮೇಲೆ ಫೌಂಡ್ರಿಯ ಧೂಳು ಎದೆಗಿಳಿದು ಹಾಸಿಗೆ ಹಿಡಿದರು, ಯುಗಾದಿ ನೋಡಲಿಲ್ಲ.

ಮಣ್ಣು ಮಾಡಿ ಬಂದ ಮೂರನೇ ದಿನ ಕಾಕುವಿನ ಹತ್ತಿರ ಉಸುಕಿನ ಚೀಲ ಕೇಳಿದೆ. ಆ ನಾಲ್ಕು ಹುಡುಗರನ್ನು ಖಾನಾಪುರಕ್ಕೆ ಕಳಿಸುವವರು ಯಾರೂ ಇರಲಿಲ್ಲ. ಕಾಕು ಚೀಲ ತಂದು ಮುಂದಿಟ್ಟರು, ಹಿಡಿದ ಕೈ ಮಾತ್ರ ಬಿಡಲಿಲ್ಲ.

"ನಮ್ಮನಿಯವ್ರಿಗೆ ಹೇಳಿದಿ, ಆತು. ಊರಿಗೆ ಹೇಳಿದಿಯೇನು? ಹುಡುಗನ ಕಾಲ ಮುರದ್ರಂತ ಮಂದಿ ಇನ್ನೂ ಅಂತಾರ."

ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ. ಕಾಕಾನ ಉಸುಕಿನಲ್ಲಿ ತಪ್ಪಿರಲಿಲ್ಲ. ತೋಳುಗಳು ನನ್ನ ಟ್ರಂಕಿನಲ್ಲಿದ್ದವು.